ಹೊಸದುರ್ಗದ ಮಳೆ ಎಲ್ಲಿ ಹೋಯಿತು?

2022ರ ಸೆಪ್ಟೆಂಬರ್ ತಿಂಗಳ ಮೊದಲ ವಾರ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವಾಣಿ ವಿಲಾಸ ಸಾಗರ ಕೋಡಿ ಬಿದ್ದಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಈ ಜಲಾಶಯದ ಪೂರ್ಣ ಮಟ್ಟ 130 ಅಡಿ. ಅದಕ್ಕೆ ಮೊದಲು ಅದು ತುಂಬಿ ಹರಿದದ್ದು 1933ರಲ್ಲಿ. ನಡುವೆ ಕಳೆದದ್ದು 89 ವರ್ಷ. ಚಿತ್ರದುರ್ಗ ಜಿಲ್ಲೆಯ ಊರೂರುಗಳಿಂದ ಜನ ಬುತ್ತಿ ಕಟ್ಟಿಕೊಂಡು ನೀರು ನೋಡಲು ಹೋಗುತ್ತಿದ್ದರು.

ಅದೇ ವಾರ ಹೊಳಲ್ಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯ ವಿಜ್ಞಾನ ಸಂಘದ ಕರೆಯ ಮೇರೆಗೆ ನಾನು ಅಲ್ಲಿಗೆ ಹೋಗಿದ್ದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ನಾಲ್ಕು ಶಾಲೆಗಳು ಸೇರಿ ಒಂದು ಒಳ್ಳೆಯ ಕೆಲಸ ಮಾಡುತ್ತಿದ್ದವು. ಪ್ರತಿ ಶಾಲೆಯ ಅಂಗಳದಲ್ಲೂ ಒಂದು ಮಳೆಮಾಪಕ. ಬೆಳಿಗ್ಗೆ 8.30ಕ್ಕೆ ಅಳತೆ. ಆಮೇಲೆ ಹೊಳಲ್ಕೆರೆಯ ಶಾಲೆಗೆ ಫೋನು. ಅಲ್ಲಿ ಒಬ್ಬ ವಿದ್ಯಾರ್ಥಿ ಅದನ್ನು ಆಕ್ಸೆಸ್ ತಂತ್ರಾಂಶದ ಡೇಟಾಬೇಸಿನಲ್ಲಿ ದಾಖಲಿಸುತ್ತಾನೆ. ಪ್ರಯೋಗಾಲಯದ ಇನ್ನೊಂದು ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆ ಆ ಡೇಟಾಬೇಸಿನಿಂದ ಅಂಕಿಗಳನ್ನು ತಾನೇ ಎಳೆದುಕೊಂಡು ತಿಂಗಳ ಒಟ್ಟು ಮಳೆಯ ಸ್ತಂಭನಕ್ಷೆಯನ್ನು ತೋರಿಸುತ್ತದೆ.

ಆಗಸ್ಟ್ ತಿಂಗಳ ನಕ್ಷೆಯಲ್ಲಿ ಎರಡೇ ಸ್ತಂಭಗಳಿದ್ದವು. ಚಿತ್ರದುರ್ಗಕ್ಕೆ ಒಂದು, ಹಿರಿಯೂರಿಗೆ ಒಂದು. ಹೊಸದುರ್ಗ ಸೊನ್ನೆ, ಹೊಳಲ್ಕೆರೆಯೂ ಸೊನ್ನೆ! ಪರದೆಯ ಮೇಲೆ ದೋಷದ ಸೂಚನೆ ಏನೂ ಇರಲಿಲ್ಲ. ಹಾಳೆ ತೆರೆದುಕೊಂಡಿತು, ರಿಫ್ರೆಶ್ ಆಯಿತು, ಸೊನ್ನೆ ತೋರಿಸಿತು.

ಹೊಳಲ್ಕೆರೆಯದು ತಪ್ಪು ಎಂದು ಮಕ್ಕಳಿಗೆ ಕೂಡಲೇ ಗೊತ್ತಾಯಿತು. ತಾವೇ ಅಳೆದು ಚೆಲ್ಲಿದ ನೀರು ಸೊನ್ನೆಯಾಗುವುದು ಹೇಗೆ? ಆದರೆ ಹೊಸದುರ್ಗದ ಸೊನ್ನೆಯನ್ನು ಬಹುತೇಕ ಎಲ್ಲರೂ ನಂಬಿದ್ದರು. ವೇದಾವತಿಯ ನೀರು ಹುಟ್ಟುವುದು ಚಿಕ್ಕಮಗಳೂರಿನ ಗಿರಿಗಳಲ್ಲಿ. ಅದು ಕಡೂರು, ಹೊಸದುರ್ಗ ದಾಟಿ ಮಾರಿಕಣಿವೆ ಸೇರುತ್ತದೆ. ಹಾಗಾಗಿ ಹೊಸದುರ್ಗದಲ್ಲಿ ಮಳೆ ಬೀಳದಿದ್ದರೂ ಜಲಾಶಯ ತುಂಬಬಹುದು ಎಂದು ಮೇಷ್ಟ್ರು ತರಗತಿಯಲ್ಲಿ ವಿವರಿಸಿಯೂ ಆಗಿತ್ತು. ವಿವರಣೆಯಲ್ಲಿ ಭೂಗೋಳ ಸರಿಯಾಗಿತ್ತು. ಅಂಕಿ ಮಾತ್ರ ಸುಳ್ಳಾಗಿತ್ತು. ಕಂಪ್ಯೂಟರ್ ಕೆಟ್ಟು ನಿಂತರೆ ಯಾರಿಗೂ ಮೋಸವಿಲ್ಲ. ಅದು ಸುಮ್ಮನೆ ಒಂದು ಸೊನ್ನೆ ಕೊಟ್ಟಾಗ ನಾವೇ ಅದಕ್ಕೊಂದು ಕಾರಣ ಹುಡುಕಿಕೊಡುತ್ತೇವೆ.

ಕೊಂಡಿ ಎಂದರೇನು?

ಸ್ಪ್ರೆಡ್‌ಶೀಟ್ ಎಂದರೆ ಲೆಕ್ಕದ ಹಾಳೆ. ಡೇಟಾಬೇಸ್ ಎಂದರೆ ದಾಖಲೆಗಳ ಉಗ್ರಾಣ. ಮೊದಲನೆಯದು 1979ರ ವಿಸಿಕ್ಯಾಲ್ಕ್ ತಂತ್ರಾಂಶದೊಂದಿಗೆ ಜನಪ್ರಿಯವಾಯಿತು. ಎರಡನೆಯದರ ಇಂದಿನ ರೂಪಕ್ಕೆ ಅಡಿಪಾಯ ಹಾಕಿದ್ದು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಲೇಖನ. ಉಗ್ರಾಣದಿಂದ ಬೇಕಾದ್ದನ್ನು ಕೇಳಿ ಪಡೆಯುವ ಪ್ರಶ್ನೆಗೆ ಕ್ವೆರಿ ಎನ್ನುತ್ತಾರೆ. 'ಆಗಸ್ಟ್ ತಿಂಗಳಲ್ಲಿ ಪ್ರತಿ ತಾಲ್ಲೂಕಿನ ಒಟ್ಟು ಮಳೆ ಎಷ್ಟು?' ಎಂಬುದು ಒಂದು ಕ್ವೆರಿ.

ಹಾಳೆಯನ್ನೂ ಉಗ್ರಾಣವನ್ನೂ ಜೋಡಿಸುವ ಯತ್ನ ಹಳೆಯದು. 1992ರಲ್ಲಿ ಬಂದ ಓಡಿಬಿಸಿ ಎಂಬ ಒಪ್ಪಂದದಿಂದಾಗಿ ಬೇರೆ ಬೇರೆ ಕಂಪನಿಗಳ ತಂತ್ರಾಂಶಗಳು ಒಂದೇ ರೀತಿಯಲ್ಲಿ ಡೇಟಾ ಕೇಳುವುದು ಸಾಧ್ಯವಾಯಿತು. ಪವರ್ ಕ್ವೆರಿ ಎಂಬ ಸಲಕರಣೆ 2013ರಲ್ಲಿ ಎಕ್ಸೆಲ್‌ಗೆ ಸೇರಿಸಿಕೊಳ್ಳುವ ಭಾಗವಾಗಿ ಬಂತು; ಎಕ್ಸೆಲ್ 2016ರಿಂದ ಅದು ಒಳಗೇ ಇದೆ. ಉಚಿತ ತಂತ್ರಾಂಶ ಬಯಸುವವರಿಗೆ ಲಿಬ್ರೆಆಫೀಸ್‌ನ ಕ್ಯಾಲ್ಕ್ ಮತ್ತು ಬೇಸ್ ಇದೇ ಕೆಲಸ ಮಾಡುತ್ತವೆ.

ಇದನ್ನು 'ಲೈವ್' ಕೊಂಡಿ ಎಂದು ಕರೆಯುವುದು ಸ್ವಲ್ಪ ಅತಿಶಯವೇ. ಹಾಳೆಯ ಮೇಲೆ ಕಾಣುವುದು ಕಳೆದ ಸಲ ರಿಫ್ರೆಶ್ ಮಾಡಿದಾಗ ತೆಗೆದ ಚಿತ್ರ ಅಷ್ಟೆ. ಡೇಟಾಬೇಸಿನಲ್ಲಿ ಅಂಕಿ ಬದಲಾದ ಮಾತ್ರಕ್ಕೆ ಹಾಳೆಗೆ ತಿಳಿಯುವುದಿಲ್ಲ. ಕಡತ ತೆರೆದಾಗ ಅಥವಾ ಇಂತಿಷ್ಟು ನಿಮಿಷಕ್ಕೊಮ್ಮೆ ರಿಫ್ರೆಶ್ ಆಗಲಿ ಎಂದು ಕೊಂಡಿಯ ಗುಣಲಕ್ಷಣಗಳಲ್ಲಿ ನಾವೇ ಹೇಳಬೇಕು. ಹೇಳಿದರೂ, ಕಡತ ತೆರೆದಾಗ ಮೇಲೆ ಬರುವ ಹಳದಿ ಪಟ್ಟಿಯಲ್ಲಿ ಅನುಮತಿ ಕೊಡದಿದ್ದರೆ ಎಕ್ಸೆಲ್ ಹೊರಗಿನ ಡೇಟಾವನ್ನು ಮುಟ್ಟುವುದಿಲ್ಲ. ಹಳೆಯ ಅಂಕಿ ಹಾಗೆಯೇ ನಿಂತಿರುತ್ತದೆ, ಹೊಸದರಂತೆ ಕಾಣುತ್ತದೆ.

ಕಾಲುವೆಯ ಗುಂಟ ನಡೆಯಿರಿ

ವಾಣಿ ವಿಲಾಸದ ಅಚ್ಚುಕಟ್ಟಿನಲ್ಲಿ ಕೊನೆಯ ಹೊಲಕ್ಕೆ ನೀರು ಬಾರದಿದ್ದರೆ ರೈತ ಏನು ಮಾಡುತ್ತಾನೆ? ಹೊಲದಲ್ಲಿ ಕೂತು ಯೋಚಿಸುವುದಿಲ್ಲ. ಕಾಲುವೆಯ ಏರಿ ಹಿಡಿದು ಮೇಲಕ್ಕೆ ನಡೆಯುತ್ತಾನೆ. ಪ್ರತಿ ತೂಬಿನ ಬಳಿ ನಿಂತು ನೀರಿದೆಯೇ ನೋಡುತ್ತಾನೆ. ಎಲ್ಲಿಯವರೆಗೆ ನೀರಿದೆ, ಎಲ್ಲಿಂದ ಇಲ್ಲ ಎಂದು ತಿಳಿದರೆ ಒಡೆದ ಜಾಗ ಆ ಎರಡರ ನಡುವೆ ಇರಲೇಬೇಕು.

ನಾವೂ ಹಾಗೆಯೇ ಮಾಡಿದೆವು. ಇಲ್ಲಿ ತೂಬುಗಳು ನಾಲ್ಕು: ಡೇಟಾಬೇಸಿನ ಮೂಲ ಕೋಷ್ಟಕ, ಅದರೊಳಗಿನ ಕ್ವೆರಿ, ಎಕ್ಸೆಲ್ ಪಡೆದುಕೊಂಡ ಡೇಟಾ, ಕೊನೆಗೆ ನಕ್ಷೆ. ಆಗಸ್ಟ್‌ನಲ್ಲಿ 31 ದಿನ, ಶಾಲೆಗಳು ನಾಲ್ಕು. ಮಳೆ ಬಾರದ ದಿನವೂ 0 ಎಂದು ಬರೆಯುವ ಪದ್ಧತಿ ಇದ್ದುದರಿಂದ 124 ಸಾಲುಗಳು ಇರಬೇಕು. ಹೀಗೆ ನಿರೀಕ್ಷಿತ ಸಂಖ್ಯೆಯನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳುವುದು ಮುಖ್ಯ. ಸಿಕ್ಕಿದ ಸಂಖ್ಯೆ ನೋಡಿದ ಮೇಲೆ 'ಸರಿಯಿರಬಹುದು' ಎಂದುಕೊಳ್ಳುವುದು ಸುಲಭ.

ಮೂಲ ಕೋಷ್ಟಕದಲ್ಲಿ 124 ಸಾಲುಗಳು ಇದ್ದವು. ಆಕ್ಸೆಸ್ ಕ್ವೆರಿಯನ್ನು ಅಲ್ಲಿಯೇ ಓಡಿಸಿದಾಗ ನಾಲ್ಕು ತಾಲ್ಲೂಕುಗಳಿಗೂ ಮೊತ್ತ ಬಂತು, ಹೊಸದುರ್ಗಕ್ಕೂ ಬಂತು. ಅಲ್ಲಿಗೆ ಡೇಟಾಬೇಸ್ ನಿರಪರಾಧಿ. ಪವರ್ ಕ್ವೆರಿಯ ಕಿಟಕಿ ತೆರೆದರೆ ಬಲಗಡೆ ಹಂತಗಳ ಪಟ್ಟಿ ಇರುತ್ತದೆ. ಒಂದೊಂದು ಹಂತವನ್ನು ಒತ್ತಿದಂತೆ ಆ ಕ್ಷಣದ ಕೋಷ್ಟಕ ಕಾಣುತ್ತದೆ. ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಲೆಕ್ಕವನ್ನು ಹಿಂದಕ್ಕೂ ಮುಂದಕ್ಕೂ ನಡೆಸಿ ನೋಡಬಹುದು. ಮೊದಲ ಹಂತದಲ್ಲಿ ನಾಲ್ಕೂ ಮೊತ್ತಗಳು ಇದ್ದವು. ಮುಂದಿನದು ಜೋಡಣೆಯ ಹಂತ: ಎಕ್ಸೆಲ್ ಹಾಳೆಯಲ್ಲಿದ್ದ ತಾಲ್ಲೂಕುಗಳ ಪಟ್ಟಿಗೆ ಮಳೆಯ ಮೊತ್ತವನ್ನು ಹೆಸರಿನ ಮೇಲೆ ಹೊಂದಿಸುವುದು. ಅದನ್ನು ಒತ್ತಿದ ಕೂಡಲೇ ಹೊಸದುರ್ಗ ಮತ್ತು ಹೊಳಲ್ಕೆರೆಯ ಮುಂದೆ 'ನಲ್' ಎಂದು ಬಂತು. ನಲ್ ಎಂದರೆ ಬೆಲೆ ಇಲ್ಲ, ಗೊತ್ತಿಲ್ಲ. ಮೂರನೆಯ ಹಂತದಲ್ಲಿ ಯಾರೋ ನಕ್ಷೆ ಚೆನ್ನಾಗಿ ಕಾಣಲೆಂದು ನಲ್ ಇರುವಲ್ಲೆಲ್ಲ 0 ಹಾಕುವಂತೆ ಮಾಡಿದ್ದರು.

ಜೋಡಣೆಯ ಹಂತದ ಪಕ್ಕದ ಸಣ್ಣ ಚಕ್ರದ ಗುರುತನ್ನು ಒತ್ತಿದರೆ ಅದರ ಕಿಟಕಿ ಮತ್ತೆ ತೆರೆಯುತ್ತದೆ. ಅದರ ಅಡಿಯಲ್ಲಿ, ಮೊದಲ ಕೋಷ್ಟಕದ 4 ಸಾಲುಗಳಲ್ಲಿ 2 ಹೊಂದಿವೆ ಎಂಬರ್ಥದ ಒಂದು ಸಾಲು ಇಂಗ್ಲಿಷಿನಲ್ಲಿ ಇತ್ತು. ಅದನ್ನು ಯಾರೂ ಓದಿರಲಿಲ್ಲ. ನಾನೂ ಎಷ್ಟೋ ಸಲ ಓದದೆ ಮುಂದೆ ಹೋಗಿದ್ದೇನೆ.

ಎರಡು 'ಹೊ'

ಎರಡು ಪಟ್ಟಿಗಳಲ್ಲೂ ಹೆಸರುಗಳು ಒಂದೇ ಥರ ಕಾಣುತ್ತಿದ್ದವು. ಮುಂದೆ ಹಿಂದೆ ಖಾಲಿ ಜಾಗ ಉಳಿದಿದೆಯೇ ನೋಡಿದೆವು, ಇರಲಿಲ್ಲ. ಇದು ಇಂಥ ಸಂದರ್ಭಗಳಲ್ಲಿ ಮೊದಲು ನೋಡಬೇಕಾದ ಕಾರಣ; ಬಹಳಷ್ಟು ಸಲ ಅದೇ ಆಗಿರುತ್ತದೆ. ಹಾಗಾದರೆ ಚಿತ್ರದುರ್ಗ, ಹಿರಿಯೂರು ಹೊಂದಿ ಉಳಿದೆರಡು ಹೊಂದದಿರಲು ಏನು ಕಾರಣ? ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದ ಹೇಳಿದಳು: 'ಸಾರ್, ಎರಡೂ ಹೊ ಇಂದಲೇ ಶುರುವಾಗ್ತವೆ.'

ಉತ್ತರ ಅಲ್ಲಿಯೇ ಇತ್ತು. ಎಕ್ಸೆಲ್‌ನಲ್ಲಿ ಪದದ ಉದ್ದ ಹೇಳುವ 'ಲೆನ್' ಎಂಬ ಸೂತ್ರವಿದೆ. ಡೇಟಾಬೇಸಿನಿಂದ ಬಂದ 'ಹೊಸದುರ್ಗ'ಕ್ಕೆ ಅದು 8 ಎಂದಿತು. ಹಾಳೆಯಲ್ಲಿದ್ದ 'ಹೊಸದುರ್ಗ'ಕ್ಕೆ 9! ಹೊಳಲ್ಕೆರೆಗೆ ಒಂದು ಕಡೆ 9, ಇನ್ನೊಂದು ಕಡೆ 10.

ಯೂನಿಕೋಡ್ ವ್ಯವಸ್ಥೆಯಲ್ಲಿ ಪ್ರತಿ ಅಕ್ಷರಕ್ಕೂ ಪ್ರತಿ ಸ್ವರಚಿಹ್ನೆಗೂ ಒಂದೊಂದು ಸಂಖ್ಯೆ ಇದೆ. 'ಹೊ' ಎಂದು ಬರೆಯಲು ಎರಡು ದಾರಿಗಳಿವೆ. ಹಕಾರದ ನಂತರ ಒ ಸ್ವರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡುವುದು ಒಂದು. ಅದರ ಸಂಖ್ಯೆ 3274. ಹಕಾರದ ನಂತರ ಎ ಸ್ವರದ ಚಿಹ್ನೆ, ಅದರ ನಂತರ ಊ ಸ್ವರದ ಚಿಹ್ನೆ, ಹೀಗೆ ಎರಡು ಸಂಕೇತಗಳಾಗಿ ಇಡುವುದು ಇನ್ನೊಂದು. ಅವುಗಳ ಸಂಖ್ಯೆ 3270 ಮತ್ತು 3266. ಕನ್ನಡ ಲಿಪಿಯನ್ನು ಗಮನಿಸಿದರೆ ಇದರ ಮರ್ಮ ತಿಳಿಯುತ್ತದೆ. 'ಹೊ' ಬರೆಯುವಾಗ ನಾವು ತಲೆಯ ಮೇಲೆ ಎತ್ವವನ್ನೂ ಬಲಕ್ಕೆ ಕೊಂಬಿನ ದೀರ್ಘವನ್ನೂ ಕೈಯಾರೆ ಬರೆಯುತ್ತೇವಲ್ಲವೆ? ಯೂನಿಕೋಡ್ ಮಾನಕ ಈ ಎರಡೂ ರೂಪಗಳನ್ನು ಸಮಾನವೆಂದೇ ಹೇಳುತ್ತದೆ. ಪರದೆಯ ಮೇಲೂ ವ್ಯತ್ಯಾಸ ಕಾಣದು. ಆದರೆ ಪವರ್ ಕ್ವೆರಿ ಪದಗಳನ್ನು ಹೋಲಿಸುವುದು ಸಂಕೇತಕ್ಕೆ ಸಂಕೇತ ಇಟ್ಟು. ಅದಕ್ಕೆ ಇವು ಎರಡು ಬೇರೆ ಊರುಗಳು.

ಎರಡನೆಯ ರೂಪ ಬಂದದ್ದು ಎಲ್ಲಿಂದ? ತಾಲ್ಲೂಕುಗಳ ಪಟ್ಟಿಯನ್ನು ಆಗಸ್ಟ್‌ನಲ್ಲಿ ಬದಲಿಸಿದ್ದರು. ಹೊಸ ಪಟ್ಟಿ ಹಳೆಯ ಕಾಲದ ಫಾಂಟಿನಲ್ಲಿ ಟೈಪ್ ಮಾಡಿದ ಕಡತವೊಂದರಿಂದ ಬಂದಿತ್ತು. ಅದನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡ್‌ಗೆ ತಿರುಗಿಸಿದ್ದರು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನಾವೆಲ್ಲ ಬಳಸುತ್ತಿದ್ದ ಕನ್ನಡ ಫಾಂಟುಗಳಲ್ಲಿ ಅಕ್ಷರಗಳು ಇಡಿಯಾಗಿ ಇರಲಿಲ್ಲ, ತುಂಡುಗಳಾಗಿ ಇದ್ದವು. ಎತ್ವದ ತುಂಡು ಬೇರೆ, ಕೊಂಬಿನ ದೀರ್ಘದ ತುಂಡು ಬೇರೆ. ಎಚ್ಚರಿಕೆಯಿಂದ ಬರೆದ ಪರಿವರ್ತಕ ಈ ತುಂಡುಗಳನ್ನು ಸೇರಿಸಿ ಒಂದೇ ಚಿಹ್ನೆ ಮಾಡುತ್ತದೆ. ಅವಸರದಲ್ಲಿ ಬರೆದದ್ದು ತುಂಡಿಗೆ ತುಂಡು ಬದಲಿಸಿ ಕೈ ತೊಳೆದುಕೊಳ್ಳುತ್ತದೆ.

ಕನ್ನಡದಲ್ಲಿ ಹೀಗೆ ಎರಡು ರೂಪಗಳಿರುವ ಸ್ವರಚಿಹ್ನೆಗಳು ಐದು: ಈ, ಏ, ಐ, ಒ, ಓ. ಚಿತ್ರದುರ್ಗ, ಹಿರಿಯೂರು ಹೆಸರುಗಳಲ್ಲಿ ಇವು ಯಾವುವೂ ಇಲ್ಲ, ಹಾಗಾಗಿ ಬಚಾವಾದವು. ಜಿಲ್ಲೆಯ ಉಳಿದೆರಡು ತಾಲ್ಲೂಕುಗಳೂ ಸೇರಿದ್ದರೆ ಚಳ್ಳಕೆರೆ ಉಳಿಯುತ್ತಿತ್ತು, ಮೊಳಕಾಲ್ಮೂರು ಕಾಣೆಯಾಗುತ್ತಿತ್ತು. ರಾಜ್ಯದ ಮಟ್ಟದಲ್ಲಿ ಇದೇ ತಪ್ಪು ನಡೆದರೆ ಬೀದರ್, ಮೈಸೂರು, ಕೋಲಾರ ಹೋಗಿ ಹಾಸನ, ಮಂಡ್ಯ ಉಳಿಯುತ್ತವೆ. ನಿಮ್ಮ ಶಾಲೆಯ ವಿದ್ಯಾರ್ಥಿಗಳ ಹೆಸರುಗಳಲ್ಲಿ ಈ ಸ್ವರಗಳು ಎಷ್ಟಿವೆ ಎಂದು ಎಣಿಸಿ ನೋಡಿ!

ಪರಿಹಾರ ಎರಡು ಬಗೆಯದು. ಪವರ್ ಕ್ವೆರಿಯಲ್ಲಿಯೇ ಜೋಡಣೆಗೆ ಮುನ್ನ ಒಂದು ಹಂತ ಸೇರಿಸಿ 3270 ಮತ್ತು 3266ರ ಜೋಡಿಯನ್ನು 3274ಕ್ಕೆ ಬದಲಿಸಬಹುದು. ಉಳಿದ ನಾಲ್ಕು ಚಿಹ್ನೆಗಳಿಗೂ ಹಾಗೆಯೇ. ಅಂದು ಹಾಗೆ ಮಾಡಿದಾಗ ನಾಲ್ಕು ಸ್ತಂಭಗಳೂ ಎದ್ದು ನಿಂತವು. ಆದರೆ ಇದು ಒಡೆದ ಏರಿಗೆ ಮಣ್ಣು ಮೆತ್ತಿದ ಹಾಗೆ. ಹೆಸರುಗಳ ಮೇಲೆ ಜೋಡಿಸುವುದೇ ಮೂಲ ದೌರ್ಬಲ್ಯ. ಒಬ್ಬರು ಹೊಳಲ್ಕೆರೆ ಎಂದು ಒತ್ತಕ್ಷರದಲ್ಲಿ ಬರೆದರೆ ಇನ್ನೊಬ್ಬರು ಹೊಳಲಕೆರೆ ಎನ್ನುತ್ತಾರೆ. ಪ್ರತಿ ತಾಲ್ಲೂಕಿಗೂ ಒಂದು ಸಂಖ್ಯೆ ಕೊಟ್ಟು ಎರಡೂ ಕಡೆ ಆ ಸಂಖ್ಯೆಯ ಮೇಲೆ ಜೋಡಿಸುವುದು, ಹೆಸರನ್ನು ನಕ್ಷೆಯಲ್ಲಿ ತೋರಿಸಲು ಮಾತ್ರ ಬಳಸುವುದು ಸರಿಯಾದ ಕ್ರಮ. ವಿದ್ಯಾರ್ಥಿಗಳಿಗೆ ನೋಂದಣಿ ಸಂಖ್ಯೆ ಕೊಡುವುದು ಇದಕ್ಕೇ ಅಲ್ಲವೆ?

ಇನ್ನು ಕೆಲವು ತೂತುಗಳು

ಆ ಮಧ್ಯಾಹ್ನ ಉಳಿದ ಮೂರು ಶಾಲೆಗಳ ಶಿಕ್ಷಕರೂ ಬಂದಿದ್ದರಿಂದ ಮಾತು ಬೆಳೆಯಿತು. ಪ್ರತಿಯೊಬ್ಬರ ಬಳಿಯೂ ಒಂದೊಂದು ಕತೆ ಇತ್ತು.

ದಿನಾಂಕದ ಗೊಂದಲ ಅವುಗಳಲ್ಲಿ ಅತಿ ಅಪಾಯಕಾರಿ. ನಾವು 05-06-2022 ಎಂದರೆ ಜೂನ್ 5. ಕಂಪ್ಯೂಟರಿನ ಪ್ರಾದೇಶಿಕ ವ್ಯವಸ್ಥೆ ಅಮೆರಿಕದ್ದಾಗಿದ್ದರೆ ಅದು ಮೇ 6. ಪಠ್ಯರೂಪದಲ್ಲಿ ಬಂದ ದಿನಾಂಕಗಳನ್ನು ಪವರ್ ಕ್ವೆರಿ ಹೀಗೆ ಓದಿದಾಗ ಪ್ರತಿ ತಿಂಗಳ ಮೊದಲ 12 ದಿನಗಳ ಮಳೆ ಬೇರೆ ಬೇರೆ ತಿಂಗಳುಗಳಿಗೆ ಹಂಚಿಹೋಗುತ್ತದೆ. 13ರಿಂದ ಮುಂದೆ ದೋಷ ಎಂದು ಬರುತ್ತದೆ. ದೋಷ ಬಂದರೆ ಪುಣ್ಯ, ತಿಳಿಯುತ್ತದೆ. ಆಕ್ಸೆಸ್ ಕ್ವೆರಿಯ ಒಳಗೆ ದಿನಾಂಕವನ್ನು ನೇರವಾಗಿ ಬರೆದಾಗ ಇನ್ನೂ ವಿಚಿತ್ರ. ಅಲ್ಲಿ ಯಾವ ದೇಶದ ವ್ಯವಸ್ಥೆ ಇದ್ದರೂ ತಿಂಗಳೇ ಮೊದಲು. ಆದರೆ 13/06/2022 ಎಂದು ಬರೆದರೆ, 13ನೇ ತಿಂಗಳು ಇಲ್ಲವಾದ್ದರಿಂದ ಅದು ತಾನೇ ಅದಲುಬದಲು ಮಾಡಿ ಜೂನ್ 13 ಎಂದು ಓದಿಕೊಳ್ಳುತ್ತದೆ. ಹೀಗಾಗಿ ತಿಂಗಳ ಉತ್ತರಾರ್ಧದಲ್ಲಿ ಪರೀಕ್ಷಿಸಿದವರಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಪವರ್ ಕ್ವೆರಿಯಲ್ಲಿ ದಿನಾಂಕದ ಕಂಬಸಾಲಿಗೆ ಸ್ಥಳೀಯತೆ 'ಇಂಗ್ಲಿಷ್, ಭಾರತ' ಎಂದು ನಿಗದಿಪಡಿಸಿ; ಕ್ವೆರಿಯೊಳಗೆ ಬರೆಯುವುದಾದರೆ ವರ್ಷ, ತಿಂಗಳು, ದಿನ ಎಂಬ ಕ್ರಮ ಬಳಸಿ.

ಮಳೆಯ ದಿನಾಂಕದ ಬಗ್ಗೆ ಕಂಪ್ಯೂಟರಿಗೆ ಸಂಬಂಧಿಸದ ಇನ್ನೊಂದು ಮಾತು. ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳ ಮಳೆಯನ್ನು ಅಳತೆ ಮಾಡಿದ ದಿನಕ್ಕೇ ಸೇರಿಸುತ್ತಾರೆ. ನಿನ್ನೆ ರಾತ್ರಿ ಸುರಿದದ್ದು ಇಂದಿನ ಲೆಕ್ಕ. ಶಾಲೆಯ ಅಂಕಿಯನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿಯೊಂದಿಗೆ ಹೋಲಿಸುವಾಗ ಒಂದು ದಿನದ ಅಂತರ ಕಂಡರೆ ಕೊಂಡಿಯನ್ನು ಬೈಯುವ ಮೊದಲು ಇದನ್ನು ಯೋಚಿಸಿ.

ಹಿರಿಯೂರಿನ ಶಿಕ್ಷಕರೊಬ್ಬರ ಸಮಸ್ಯೆ ಬೇರೆ. ಹೆಸರು 'ಹಿರಿ' ಎಂದು ಆರಂಭವಾಗುವ ಊರುಗಳನ್ನು ಹುಡುಕುವ ಕ್ವೆರಿ ಆಕ್ಸೆಸ್ ಒಳಗೆ ಸರಿಯಾಗಿ ಓಡುತ್ತದೆ, ಎಕ್ಸೆಲ್‌ನಿಂದ ಕೇಳಿದರೆ ಖಾಲಿ. ಆಕ್ಸೆಸ್ ಒಳಗೆ 'ಮುಂದೆ ಏನಾದರೂ ಇರಲಿ' ಎನ್ನಲು ನಕ್ಷತ್ರ ಚಿಹ್ನೆ ಬಳಸುತ್ತೇವೆ. ಹೊರಗಿನ ಕೊಂಡಿಯ ಮೂಲಕ ಅದೇ ಕ್ವೆರಿ ಓಡಿದಾಗ ಆ ಜಾಗದಲ್ಲಿ ಶೇಕಡಾ ಚಿಹ್ನೆ ಇರಬೇಕು; ನಕ್ಷತ್ರವನ್ನು ಅದು ನಿಜವಾದ ನಕ್ಷತ್ರವೆಂದೇ ಹುಡುಕುತ್ತದೆ. 'ಲೈಕ್' ಬದಲು 'ಎಲೈಕ್' ಎಂದು ಬರೆದು ಶೇಕಡಾ ಚಿಹ್ನೆ ಬಳಸಿದರೆ ಎರಡೂ ಕಡೆ ನಡೆಯುತ್ತದೆ. ಇದೇ ರೀತಿ, ನಲ್ ಜಾಗಕ್ಕೆ ಬೇರೆ ಬೆಲೆ ಕೊಡುವ 'ಎನ್‌ಝಡ್' ಸೂತ್ರ ಆಕ್ಸೆಸ್ ಮನೆಯೊಳಗಿನದು; ಹೊರಗಿನಿಂದ ಕೇಳಿದರೆ ಅಂಥ ಸೂತ್ರವೇ ಇಲ್ಲ ಎಂಬ ಉತ್ತರ ಬರುತ್ತದೆ.

ಕಡತವನ್ನು ಡಿ ಡ್ರೈವಿನಿಂದ ಬೇರೆಡೆಗೆ ಸರಿಸಿದರೆ ಕೊಂಡಿ ಕಡಿಯುತ್ತದೆ, ಏಕೆಂದರೆ ಪೂರ್ತಿ ವಿಳಾಸ ಅದರಲ್ಲಿ ಬರೆದಿರುತ್ತದೆ. ಡೇಟಾ ಮೂಲದ ಸೆಟ್ಟಿಂಗ್‌ನಲ್ಲಿ ಹೊಸ ವಿಳಾಸ ಕೊಟ್ಟರೆ ಸಾಕು. ಕಂಬಸಾಲಿನ ಹೆಸರು ಬದಲಿಸಿದರೂ ಹಾಗೆಯೇ; 'ಮಳೆ' ಎಂಬುದನ್ನು 'ಮಳೆ ಮಿಮೀ' ಎಂದು ಮಾಡಿದ ಮರುಕ್ಷಣ ಪವರ್ ಕ್ವೆರಿ ನಿಲ್ಲುತ್ತದೆ. ಹೊಸ ಕಂಪ್ಯೂಟರಿನಲ್ಲಿ ಡ್ರೈವರ್ ನೋಂದಣಿಯಾಗಿಲ್ಲ ಎಂಬ ಸೂಚನೆ ಬಂದರೆ ಆಫೀಸ್ 64 ಬಿಟ್‌ನದೋ 32 ಬಿಟ್‌ನದೋ ನೋಡಿ ಅದೇ ಬಗೆಯ ಆಕ್ಸೆಸ್ ಡೇಟಾಬೇಸ್ ಎಂಜಿನ್ ಹಾಕಬೇಕು. ಇವೆಲ್ಲ ಗದ್ದಲ ಮಾಡಿ ನಿಲ್ಲುವ ದೋಷಗಳು, ಹೆಚ್ಚು ಚಿಂತೆ ಬೇಡ.

ಚಿತ್ರದುರ್ಗದ ಶಾಲೆಯಲ್ಲಿ 'ರಿಫ್ರೆಶ್ ಆಲ್' ಎರಡು ಸಲ ಒತ್ತಿದರೆ ಮಾತ್ರ ಪಿವಟ್ ಕೋಷ್ಟಕ ಸರಿಯಾಗುತ್ತಿತ್ತಂತೆ. ಹಿನ್ನೆಲೆಯಲ್ಲಿ ರಿಫ್ರೆಶ್ ಮಾಡುವ ಆಯ್ಕೆ ಚಾಲೂ ಇದ್ದಾಗ, ಕ್ವೆರಿ ಇನ್ನೂ ಡೇಟಾ ತರುತ್ತಿರುವಾಗಲೇ ಪಿವಟ್ ಹಳೆಯ ಅಂಕಿಯನ್ನು ಎತ್ತಿಕೊಂಡು ಮುಗಿಸಿಬಿಡುತ್ತದೆ. ಆ ಆಯ್ಕೆಯನ್ನು ತೆಗೆದರೆ ಪಿವಟ್ ಕಾಯುತ್ತದೆ.

ಸೊನ್ನೆ ಬೇರೆ, ಖಾಲಿ ಬೇರೆ

ನಲ್ ಜಾಗಕ್ಕೆ 0 ಹಾಕಿದ ಆ ಮೂರನೆಯ ಹಂತಕ್ಕೆ ಮತ್ತೆ ಬರೋಣ. ನನ್ನ ದೃಷ್ಟಿಯಲ್ಲಿ ಎರಡು 'ಹೊ'ಗಳಿಗಿಂತ ದೊಡ್ಡ ತಪ್ಪು ಇದೇ. ಮಳೆಮಾಪಕದಲ್ಲಿ ನೋಡಿ ನೀರಿಲ್ಲ ಎಂದು ಬರೆದ 0 ಒಂದು ಅಳತೆ. ಯಾರೂ ನೋಡದೆ ಬಿಟ್ಟ ದಿನ ಅಳತೆಯೇ ಅಲ್ಲ. ಉದಾಹರಣೆಗೆ ಮೂರು ದಿನಗಳಲ್ಲಿ 12 ಮಿಮೀ, 6 ಮಿಮೀ ಮತ್ತು ಖಾಲಿ ಇದೆ ಎನ್ನಿ. ಖಾಲಿಯನ್ನು ಹಾಗೆಯೇ ಬಿಟ್ಟರೆ ಎಕ್ಸೆಲ್ ಸರಾಸರಿ 9 ಎನ್ನುತ್ತದೆ, 0 ತುಂಬಿದರೆ 6. ಬರಪೀಡಿತ ತಾಲ್ಲೂಕು ಯಾವುದು ಎಂದು ತೀರ್ಮಾನಿಸಲು ನೋಡುವ ಅಂಕಿಗಳಲ್ಲಿ ಮಳೆಯ ಕೊರತೆಯೂ ಒಂದು. ಅಂಥ ಕಡೆ ಖಾಲಿ ಜಾಗ ಸೊನ್ನೆಯಾದರೆ ಇಲ್ಲದ ಬರ ಹುಟ್ಟುತ್ತದೆ.

ಹೊಳಲ್ಕೆರೆಯ ಶಾಲೆಯಲ್ಲಿ ಆ ಹಂತವನ್ನು ಅಳಿಸಿ ಹಾಕಿದೆವು. ನಕ್ಷೆಯ ಪಕ್ಕದಲ್ಲಿ ಪ್ರತಿ ತಾಲ್ಲೂಕಿಗೆ ಎಷ್ಟು ದಿನಗಳ ಅಳತೆ ಬಂದಿದೆ ಎಂಬ ಎಣಿಕೆಯನ್ನೂ, ಕಳೆದ ಸಲ ರಿಫ್ರೆಶ್ ಆದ ಸಮಯವನ್ನೂ ತೋರಿಸುವ ಎರಡು ಕೋಶಗಳನ್ನು ಸೇರಿಸಿದೆವು. ಆಗಸ್ಟ್‌ಗೆ ನಾಲ್ಕೂ ಕಡೆ 31 ಎಂದು ಬಂತು. ಮೇಷ್ಟ್ರು ಮರುದಿನದ ತರಗತಿಗೆಂದು ಹೊಸ ನಕ್ಷೆಯ ಒಂದು ಪ್ರತಿ ಮುದ್ರಿಸಿಕೊಂಡರು. ಹೊಸದುರ್ಗದ ಮಳೆಯನ್ನು ಸೇರಿಸಿ ಜಲಾಶಯದ ಪಾಠವನ್ನು ಇನ್ನೊಮ್ಮೆ ಮಾಡುವುದಿತ್ತು.